ಕಂಪ್ಯೂಟರಿನಲ್ಲಿ ಕನ್ನಡ ಟೈಪಿಸಲು ಯಾವ ದಾರಿ? ನುಡಿ, ಇನ್‌ಸ್ಕ್ರಿಪ್ಟ್, ಬರಹ, ಫೊನೆಟಿಕ್: ಒಂದು ಹೋಲಿಕೆ

ಕನ್ನಡ ಟೈಪಿಸಲು ಯಾವ ತಂತ್ರಾಂಶ ಒಳ್ಳೆಯದು ಎಂದು ಹತ್ತು ಜನರನ್ನು ಕೇಳಿದರೆ ಐದು ಬಗೆಯ ಉತ್ತರ ಬರುತ್ತದೆ. ಪ್ರತಿಯೊಬ್ಬರೂ ತಾವು ಮೊದಲು ಕಲಿತದ್ದನ್ನೇ ಹೇಳುತ್ತಾರೆ. ಹಾಗಾಗಿ ತಂತ್ರಾಂಶದ ಹೆಸರಿಗೆ ಹೋಗುವ ಮುನ್ನ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಿ. ನೀವು ಬರೆದ ಪಠ್ಯ ಕೊನೆಗೆ ಎಲ್ಲಿಗೆ ಹೋಗುತ್ತದೆ? ವಾಟ್ಸ್ಆ್ಯಪ್‌ಗೋ, ಸರ್ಕಾರಿ ಅರ್ಜಿಗೋ, ಮುದ್ರಣಾಲಯಕ್ಕೋ? ಮತ್ತೆ, ದಿನಕ್ಕೆ ಎಷ್ಟು ಬರೆಯುತ್ತೀರಿ, ಎರಡು ಸಾಲೋ ಎರಡು ಪುಟವೋ? ಮೊದಲ ಪ್ರಶ್ನೆಯ ಉತ್ತರದಿಂದ ಸಂಕೇತ, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಒಳಗೆ ಉಳಿಸಿಕೊಳ್ಳುವ ಬಗೆ, ತೀರ್ಮಾನವಾಗುತ್ತದೆ, ಎರಡನೆಯದರಿಂದ ಕೀಲಿಮಣೆ. ಈ ಎರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಮೊದಲು ಸಂಕೇತ: ಯೂನಿಕೋಡೋ, ಆಸ್ಕಿಯೋ

ಡಿಟಿಪಿ ಅಂಗಡಿಗಳಲ್ಲಿ ‘ಆಸ್ಕಿ’ ಎನ್ನುವುದು ಹಳೆಯ ಫಾಂಟ್ ಪದ್ಧತಿಯನ್ನು. ಅದರಲ್ಲಿ ಕಂಪ್ಯೂಟರ್ ನಿಜವಾಗಿ ಉಳಿಸಿಕೊಳ್ಳುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳನ್ನು. ಫಾಂಟ್ ಮಾತ್ರ ಆ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳ ಚಿತ್ರ ತೋರಿಸುತ್ತದೆ. ನುಡಿಯ ಹಳೆಯ ಫಾಂಟುಗಳು, ಬರಹದ ಬಿಆರ್‌ಎಚ್ ಫಾಂಟುಗಳು, ಶ್ರೀಲಿಪಿ ಎಲ್ಲವೂ ಈ ಜಾತಿಯವು. ಇವುಗಳಲ್ಲಿ ಯಾವ ತುಣುಕನ್ನು ಯಾವ ಜಾಗದಲ್ಲಿ ಇಡಬೇಕೆಂಬುದು ಒಂದೊಂದು ಸಂಸ್ಥೆಗೆ ಒಂದೊಂದು ರೀತಿ. ಆದ್ದರಿಂದ ಶ್ರೀಲಿಪಿಯಲ್ಲಿ ಬರೆದದ್ದಕ್ಕೆ ನುಡಿ ಫಾಂಟ್ ಹಾಕಿದರೆ ಅರ್ಥವಿಲ್ಲದ ಅಕ್ಷರ ಬರುತ್ತದೆ. ಫಾಂಟೇ ಇಲ್ಲದ ಯಂತ್ರದಲ್ಲಿ ತೆರೆದರೆ ಚುಕ್ಕಿ, ಗೆರೆ, ಪೌಂಡ್ ಚಿಹ್ನೆಗಳ ಸಾಲು ಕಾಣುತ್ತದೆ.

ಯೂನಿಕೋಡಿನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಇದರಲ್ಲಿ ಬರೆದದ್ದನ್ನು ಹುಡುಕಬಹುದು, ಫೋನಿನಲ್ಲಿ ಓದಬಹುದು, ಎಕ್ಸೆಲ್‌ನಲ್ಲಿ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಬಹುದು. ಆಸ್ಕಿಯಲ್ಲಿ ಬರೆದ ಹಾಜರಿ ಪಟ್ಟಿಯನ್ನು ಜೋಡಿಸಲು ಹೋದರೆ ಕಂಪ್ಯೂಟರ್ ಒಳಗಿರುವ ರೋಮನ್ ಅಕ್ಷರಗಳ ಕ್ರಮವನ್ನು ಹಿಡಿಯುತ್ತದೆ, ಅನಿತಾ ಎಲ್ಲೋ, ಆನಂದ ಇನ್ನೆಲ್ಲೋ ಹೋಗಿ ಕೂರುತ್ತಾರೆ.

ಹೊಸದಾಗಿ ಬರೆಯುವುದೆಲ್ಲ ಯೂನಿಕೋಡಿನಲ್ಲೇ ಇರಲಿ. ಇದರಲ್ಲಿ ಚರ್ಚೆಗೆ ಹೆಚ್ಚು ಜಾಗವಿಲ್ಲ. ಉಳಿಯುವ ಅಪವಾದ ಒಂದೇ: ನಿಮ್ಮ ಲಗ್ನಪತ್ರಿಕೆಯನ್ನೋ ಸ್ಮರಣ ಸಂಚಿಕೆಯನ್ನೋ ಪುಟ ಕಟ್ಟುವವರು ಇನ್ನೂ ಪೇಜ್‌ಮೇಕರ್ ಬಳಸುತ್ತಿದ್ದರೆ ಅದಕ್ಕೆ ಯೂನಿಕೋಡ್ ಕನ್ನಡ ಹಿಡಿಸುವುದಿಲ್ಲ. ಆಗಲೂ ನೀವು ಯೂನಿಕೋಡಿನಲ್ಲೇ ಬರೆದು, ಕೊಡುವಾಗ ಮಾತ್ರ ಆಸ್ಕಿಗೆ ಪರಿವರ್ತಿಸಿದರೆ ಮೂಲ ಪ್ರತಿ ನಿಮ್ಮ ಕೈಯಲ್ಲಿ ಉಳಿಯುತ್ತದೆ. ಇನ್‌ಡಿಸೈನ್ ಬಳಸುವವರು ‘ಯೂನಿಕೋಡ್ ಹಾಕಿದರೆ ಒತ್ತಕ್ಷರ ಒಡೆಯುತ್ತದೆ’ ಎಂದು ದೂರಿದರೆ ದೋಷ ಸಂಕೇತದ್ದಲ್ಲ. ಪ್ಯಾರಾಗ್ರಾಫ್ ಫಲಕದ ಮೆನುವಿನಲ್ಲಿ ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಿದರೆ ಒತ್ತುಗಳು ಕೂಡಿಕೊಳ್ಳುತ್ತವೆ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲೂ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಇಂಥದೇ ಆಯ್ಕೆ ಇದೆ.

ಕೀಲಿಮಣೆ: ಮೂರು ಪದ ಇಟ್ಟು ಅಳೆಯೋಣ

ಬಳಕೆಯಲ್ಲಿರುವ ಕೀಲಿಮಣೆಗಳು ಮುಖ್ಯವಾಗಿ ಮೂರು. ಒಂದು, ಕೆ. ಪಿ. ರಾವ್ ಅವರ ವಿನ್ಯಾಸ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಹರಡಿದ್ದರಿಂದ ಇದನ್ನೇ ನುಡಿ ಕೀಲಿಮಣೆ ಅಥವಾ ಕಗಪ ಎನ್ನುತ್ತಾರೆ. ರಾಜ್ಯ ಸರ್ಕಾರ ಒಪ್ಪಿರುವುದೂ ಇದನ್ನೇ. ಎರಡು, ಇನ್‌ಸ್ಕ್ರಿಪ್ಟ್. ಭಾರತೀಯ ಭಾಷೆಗಳಿಗೆಲ್ಲ ಒಂದೇ ವಿನ್ಯಾಸ ಇರಲೆಂದು ಕೇಂದ್ರ ಸರ್ಕಾರದ ಕಡೆಯಿಂದ ಬಂದ ಮಾನಕ ಇದು. ಮೂರು, ಬರಹ ಶೈಲಿಯ ಲಿಪ್ಯಂತರ: ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರ ಬರೆದರೆ ಕನ್ನಡ ಮೂಡುತ್ತದೆ. ಬರಹ ಮೊದಲು ಬಂದದ್ದು 1998ರಲ್ಲಿ.

‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ನುಡಿ ಕೀಲಿಮಣೆಯಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯೂ: ಐದು ಕೀಲಿ. ಇಲ್ಲಿ ಎಫ್ ಅಂದರೆ ಒತ್ತಕ್ಷರ ಕೂಡಿಸುವ ಕೊಂಡಿ, ಡಬ್ಲ್ಯೂ ಅಂದರೆ ಡ. ಇನ್‌ಸ್ಕ್ರಿಪ್ಟಿನಲ್ಲಿ ಕೆ, ವಿ, ಡಿ, ವಿ, ಆಮೇಲೆ ಚೌಕ ಆವರಣದ ಎಡ ಚಿಹ್ನೆ: ಅದೂ ಐದು. ಬರಹದಲ್ಲಿ ಕೆ, ಎ, ಎನ್, ಎನ್, ಎ, ಶಿಫ್ಟ್ ಹಿಡಿದು ಡಿ, ಎ: ಏಳು ಕೀಲಿ, ಒಂದು ಶಿಫ್ಟ್.

‘ಕರ್ನಾಟಕ’ಕ್ಕೆ ನುಡಿಯಲ್ಲಿ ಏಳು ಕೀಲಿ, ಒಂದು ಶಿಫ್ಟ್. ಇನ್‌ಸ್ಕ್ರಿಪ್ಟಿನಲ್ಲೂ ಏಳು, ಶಿಫ್ಟ್ ಬೇಡ. ಬರಹದಲ್ಲಿ ಒಂಬತ್ತು, ಎರಡು ಶಿಫ್ಟ್. ಆದರೆ ‘ವಿಶ್ವವಿದ್ಯಾಲಯ’ಕ್ಕೆ ಬಂದರೆ ನುಡಿ ಮತ್ತು ಇನ್‌ಸ್ಕ್ರಿಪ್ಟ್ ಹದಿಮೂರು, ಬರಹ ಹದಿನಾಲ್ಕು. ಅಂತರ ಒಂದಕ್ಕೆ ಇಳಿಯಿತು. ಯಾಕೆಂದರೆ ಲಿಪ್ಯಂತರದಲ್ಲಿ ಪ್ರತಿ ಅಕಾರಕ್ಕೂ ಎ ಒತ್ತುವ ಖರ್ಚಿದೆ, ಆದರೆ ಒತ್ತಕ್ಷರಕ್ಕೆ ಬೇರೆ ಕೀಲಿ ಬೇಡ. ಮೊದಲೆರಡರಲ್ಲಿ ಅದು ತಿರುಗುಮುರುಗು. ಒತ್ತಕ್ಷರ ತುಂಬಿದ ಸಂಸ್ಕೃತಮಯ ಬರವಣಿಗೆಯಲ್ಲಿ ಲಿಪ್ಯಂತರ ಅಷ್ಟೇನೂ ಹಿಂದೆ ಬೀಳುವುದಿಲ್ಲ. ‘ಮನೆಯ ಹಿತ್ತಲಲ್ಲಿ ಹಲಸಿನ ಮರ’ದಂಥ ಕನ್ನಡದಲ್ಲಿ ಎ ಕೀಲಿ ಬೆರಳನ್ನು ದಣಿಸುತ್ತದೆ.

ಬರೀ ಕೀಲಿಯ ಲೆಕ್ಕ ನೋಡಿ ಆರಿಸುವುದೂ ಸರಿಯಲ್ಲ. ಕಲಿಯುವ ಸುಲಭದಲ್ಲಿ ದೊಡ್ಡ ವ್ಯತ್ಯಾಸವಿದೆ. ಇಂಗ್ಲಿಷ್ ಕೀಲಿಮಣೆ ಗೊತ್ತಿದ್ದವರಿಗೆ ನುಡಿಯಲ್ಲಿ ಹೊಸದಾಗಿ ನೆನಪಿಡಬೇಕಾದ್ದು ಬಹಳ ಕಡಿಮೆ: ಟ ಕ್ಯೂನಲ್ಲಿದೆ, ಡ ಡಬ್ಲ್ಯೂನಲ್ಲಿ, ಷ ಎಕ್ಸ್‌ನಲ್ಲಿ, ಒತ್ತು ಎಫ್‌ನಲ್ಲಿ. ಶಿಫ್ಟ್ ಹಿಡಿದರೆ ಮಹಾಪ್ರಾಣ ಮತ್ತು ದೀರ್ಘ: ಕೆಯಿಂದ ಖ, ಜಿಯಿಂದ ಘ, ಐನಿಂದ ಈ. ಶಿಫ್ಟ್ ಎನ್ ಣ, ಶಿಫ್ಟ್ ಎಲ್ ಳ, ಶಿಫ್ಟ್ ಎಸ್ ಶ, ಶಿಫ್ಟ್ ಎಂ ಅನುಸ್ವಾರ, ಶಿಫ್ಟ್ ಎಚ್ ವಿಸರ್ಗ. ಶಿಫ್ಟ್ ಆರ್ ಋ, ಶಿಫ್ಟ್ ವೈ ಐ, ಶಿಫ್ಟ್ ವಿ ಔ. ಇಷ್ಟು ತಿಳಿದರೆ ಆಯಿತು. ಬರಹದಿಂದ ಇಲ್ಲಿಗೆ ಬಂದವರು ಮಾಡುವ ಮೊದಲ ತಪ್ಪು ಪ್ರತಿ ವ್ಯಂಜನದ ಮೇಲೂ ಎ ಒತ್ತುವುದು. ಇಲ್ಲಿ ಕೆ ಒತ್ತಿದರೇ ಪೂರ್ಣ ‘ಕ’.

ಇನ್‌ಸ್ಕ್ರಿಪ್ಟ್‌ಗೂ ಇಂಗ್ಲಿಷಿಗೂ ಸಂಬಂಧವಿಲ್ಲ. ಸ್ವರಗಳು ಬಹುತೇಕ ಎಡಗೈಗೆ, ವ್ಯಂಜನಗಳಲ್ಲಿ ಬಹುಪಾಲು ಬಲಗೈಗೆ. ನಡುಸಾಲಿನಲ್ಲಿ ಬಲಗೈ ಕೆಳಗೆ ಪ, ರ, ಕ, ತ, ಚ, ಟ. ಎಡಗೈ ಕೆಳಗೆ ಓತ್ವ, ಏತ್ವ, ಒತ್ತು, ಗುಡಿಸು, ಕೊಂಬು. ಕನ್ನಡದಲ್ಲಿ ವ್ಯಂಜನ, ಸ್ವರ ಒಂದಾದ ಮೇಲೊಂದು ಬರುವುದರಿಂದ ಎರಡೂ ಕೈ ಸರದಿಯಂತೆ ದುಡಿಯುತ್ತವೆ. ಪಳಗಿದವರ ಕೈಯಲ್ಲಿ ಇದು ಬಹಳ ವೇಗವಾಗಿ ಓಡುತ್ತದೆ. ಆದರೆ ಪಳಗುವವರೆಗಿನ ದಿನಗಳು ಬೇಸರದವು. ಇನ್ನೊಂದು ಲಾಭ: ಹಿಂದಿ, ತೆಲುಗು, ಮಲಯಾಳಗಳಲ್ಲೂ ಕ ಅದೇ ಕೀಲಿಯಲ್ಲಿದೆ. ಅನುವಾದಕರಿಗೆ, ಬೀದರ್–ಬೆಳಗಾವಿ ಕಡೆ ಮರಾಠಿಯನ್ನೂ ಟೈಪಿಸಬೇಕಾದವರಿಗೆ ಇದು ಸಣ್ಣ ಮಾತಲ್ಲ. ಯಾವ ತಂತ್ರಾಂಶವನ್ನೂ ಹಾಕಲು ಬಿಡದ ಕಚೇರಿ ಕಂಪ್ಯೂಟರಿನಲ್ಲೂ ಸೆಟ್ಟಿಂಗ್ಸ್ ತೆರೆಯುವಂತಿದ್ದರೆ ಇದು ವಿಂಡೋಸ್ ಜೊತೆಗೇ ಸಿಗುತ್ತದೆ.

ಬರಹದ ಬಲ ಇರುವುದು ಅದರ ಕಟ್ಟುನಿಟ್ಟಿನಲ್ಲಿ. ದೊಡ್ಡಕ್ಷರ ಸಣ್ಣಕ್ಷರ ಸರಿಯಾಗಿ ಒತ್ತಿದರೆ ನೀವು ಬಯಸಿದ್ದೇ ಬರುತ್ತದೆ, ಊಹೆ ಇಲ್ಲ. ಹಳಗನ್ನಡದ ಸಾಲು, ಊರಿನ ಹೆಸರು, ಆಡುಮಾತು ಯಾವುದಕ್ಕೂ ತಡೆಯಿಲ್ಲ. ಒಂದು ತೊಡಕೆಂದರೆ ಹಿಂದೆ ಉಚಿತವಾಗಿದ್ದ ಇದರ ಹೊಸ ಆವೃತ್ತಿಗಳಿಗೆ ಈಗ ಹಣ ಕೊಡಬೇಕು. ‘ಕ್ರ್ಯಾಕ್’ ಮಾಡಿದ ಪ್ರತಿ ಎಲ್ಲೋ ಸಿಗುತ್ತದೆಂದು ಹಾಕಿಕೊಳ್ಳಬೇಡಿ. ಕೀಲಿಮಣೆಯ ತಂತ್ರಾಂಶ ನೀವು ಒತ್ತುವ ಪ್ರತಿ ಕೀಲಿಯನ್ನೂ ನೋಡಬಲ್ಲದು, ಬ್ಯಾಂಕಿನ ಪಾಸ್‌ವರ್ಡನ್ನೂ.

ಊಹಿಸಿ ಬರೆಯುವ ಫೊನೆಟಿಕ್

ವಿಂಡೋಸ್ 10ರ 2019ರ ಮೇ ಆವೃತ್ತಿಯಿಂದ ‘ಕನ್ನಡ ಫೊನೆಟಿಕ್’ ಎಂಬ ಕೀಲಿಮಣೆ ಒಳಗೇ ಬಂದಿದೆ. ಗೂಗಲ್ ಇನ್‌ಪುಟ್ ಟೂಲ್ಸ್, ಫೋನಿನ ಜಿಬೋರ್ಡ್ ಕೂಡ ಇದೇ ಬಗೆ. ದೊಡ್ಡಕ್ಷರ ಸಣ್ಣಕ್ಷರದ ಗೊಡವೆ ಇಲ್ಲ. ವಾಟ್ಸ್ಆ್ಯಪ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತೇವಲ್ಲ, ಹಾಗೆ ಬರೆದರೆ ಸಾಕು. ಪದ ಮುಗಿಸಿದ ಮೇಲೆ ತಂತ್ರಾಂಶ ತಾನೇ ಊಹಿಸಿ ಪಟ್ಟಿ ಕೊಡುತ್ತದೆ.

ಎರಡು ಸಾಲಿಗೆ ಇದಕ್ಕಿಂತ ಸುಲಭ ಬೇರೆ ಇಲ್ಲ. ಎರಡು ಪುಟಕ್ಕೆ ಮಾತ್ರ ಕಿರಿಕಿರಿ ಶುರುವಾಗುತ್ತದೆ. ಬಿ-ಎ-ಎಲ್-ಇ ಎಂದು ಒತ್ತಿದರೆ ಅದು ಬಲೆಯೋ, ಬಳೆಯೋ, ಬಾಲೆಯೋ, ಬಾಳೆಯೋ? ನಾಲ್ಕೂ ಸರಿಯಾದ ಕನ್ನಡ ಪದಗಳೇ. ಎಚ್-ಎ-ಎನ್-ಎ ಎಂದರೆ ಹಣವೋ ಹನವೋ? ಪ್ರತಿ ಬಾರಿ ಪಟ್ಟಿ ನೋಡಿ ಆರಿಸಬೇಕು. ಕಣ್ಣು ಪಟ್ಟಿಗೂ ಪುಟಕ್ಕೂ ಓಡಾಡುತ್ತಾ ಯೋಚನೆಯ ಎಳೆ ತುಂಡಾಗುತ್ತದೆ. ಜಾಗ್ರತೆ ತಪ್ಪಿದರೆ ಲ–ಳ, ನ–ಣ, ಶ–ಷ ತಪ್ಪುಗಳು ಕಾಗುಣಿತ ಬಲ್ಲವರ ಬರವಣಿಗೆಯಲ್ಲೂ ಉಳಿಯುತ್ತವೆ. ಪತ್ರಿಕೆಗಳಿಗೆ ಬರುವ ಲೇಖನಗಳಲ್ಲಿ ‘ಕೇಳಿದ’ ಎಂಬುದು ‘ಕೆಳಿದ’ ಆಗಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಗೂಗಲ್ ಇನ್‌ಪುಟ್ ಟೂಲ್ಸ್‌ಗೆ ಇಂಟರ್ನೆಟ್ ಬೇಕೇ ಬೇಕು. ನೀವು ಒತ್ತಿದ ಅಕ್ಷರ ಅವರ ಸರ್ವರಿಗೆ ಹೋಗಿ ಬರುತ್ತದೆ. ಕ್ರೋಮ್ ವಿಸ್ತರಣೆ ಬ್ರೌಸರಿನ ಪುಟಗಳೊಳಗೆ ಮಾತ್ರ ಕೆಲಸ ಮಾಡುತ್ತದೆ, ವರ್ಡ್‌ನಲ್ಲಿ ಅಲ್ಲ. ವಿಂಡೋಸ್‌ಗಾಗಿ ಇದ್ದ ಆಫ್‌ಲೈನ್ ಆವೃತ್ತಿಯನ್ನು ಗೂಗಲ್ ಹಿಂತೆಗೆದುಕೊಂಡಿದೆ. ‘ಆಫ್‌ಲೈನ್ ಇನ್‌ಸ್ಟಾಲರ್ ಇಲ್ಲಿದೆ’ ಎನ್ನುವ ಬೇರೆ ತಾಣಗಳಿಂದ ಇಳಿಸಿಕೊಳ್ಳುವುದು ಬೇಡ. ಜಿಮೇಲ್‌ನಲ್ಲಿ ಮಾತ್ರ ಕನ್ನಡ ಬೇಕಿದ್ದರೆ ಏನನ್ನೂ ಹಾಕಬೇಕಿಲ್ಲ: ಸೆಟ್ಟಿಂಗ್ಸ್‌ನ ಜನರಲ್ ಪುಟದಲ್ಲಿ ಭಾಷೆಯ ಕೆಳಗೆ ‘ಎನೇಬಲ್ ಇನ್‌ಪುಟ್ ಟೂಲ್ಸ್’ ಗುರುತು ಹಾಕಿ ಕನ್ನಡ ಸೇರಿಸಿ, ಪುಟದ ಕೊನೆಯಲ್ಲಿ ಸೇವ್ ಮಾಡಿ.

ಮಾತನಾಡಿ ಬರೆಸುವುದೂ ಒಂದು ದಾರಿ. ಕ್ರೋಮ್‌ನಲ್ಲಿ ಗೂಗಲ್ ಡಾಕ್ಸ್ ತೆರೆದು ಟೂಲ್ಸ್ ಮೆನುವಿನಲ್ಲಿ ‘ವಾಯ್ಸ್ ಟೈಪಿಂಗ್’ ಆರಿಸಿ, ಮೈಕಿನ ಮೇಲಿನ ಪಟ್ಟಿಯಲ್ಲಿ ಕನ್ನಡ ಹಿಡಿಯಿರಿ. ಪತ್ರಿಕಾ ಕನ್ನಡ ಚೆನ್ನಾಗಿ ಹಿಡಿಯುತ್ತದೆ, ಧಾರವಾಡದ ಇಲ್ಲವೇ ಕುಂದಾಪುರದ ಮಾತು ಅಷ್ಟಾಗಿ ಇಲ್ಲ. ಪೂರ್ಣವಿರಾಮ, ಅಲ್ಪವಿರಾಮಗಳನ್ನು ಆಮೇಲೆ ಕೈಯಿಂದ ಹಾಕಬೇಕು. ಕೈನೋವಿರುವವರಿಗೆ, ಸಂದರ್ಶನ ಬರೆದುಕೊಳ್ಳುವವರಿಗೆ ಇದರ ಬೆಲೆ ಗೊತ್ತು.

ಹಾಗಾದರೆ ಯಾರಿಗೆ ಯಾವುದು

ವಾರಕ್ಕೊಮ್ಮೆ ನಾಲ್ಕು ಸಾಲು ಬರೆಯುವವರು ವಿಂಡೋಸ್ ಫೊನೆಟಿಕ್ ಹಾಕಿಕೊಂಡು ನಿಶ್ಚಿಂತರಾಗಿರಿ. ಶಿಕ್ಷಕರು, ಬರಹಗಾರರು, ಕಚೇರಿಯಲ್ಲಿ ದಿನವೂ ಟಿಪ್ಪಣಿ ಬರೆಯುವವರು ನುಡಿ ಕೀಲಿಮಣೆಯನ್ನು ಯೂನಿಕೋಡ್ ಸ್ಥಿತಿಯಲ್ಲಿ ಕಲಿಯಿರಿ. ಒಂದೆರಡು ವಾರದ ಶ್ರಮ ಮುಂದೆ ವರ್ಷಗಟ್ಟಲೆ ಉಳಿಯುತ್ತದೆ. ಎರಡು ಮೂರು ಭಾರತೀಯ ಭಾಷೆ ಟೈಪಿಸುವವರಿಗೆ, ಇಂಗ್ಲಿಷ್ ಕೀಲಿಮಣೆಯ ಅಭ್ಯಾಸವೇ ಇಲ್ಲದೆ ನೇರ ಕನ್ನಡದಿಂದ ಶುರುಮಾಡುವ ಮಕ್ಕಳಿಗೆ ಇನ್‌ಸ್ಕ್ರಿಪ್ಟ್. ಬರಹ ಶೈಲಿ ಈಗಾಗಲೇ ಕೈಗೆ ಹತ್ತಿದವರು ಬದಲಿಸಬೇಕಾದ ಕಾರಣವೇನೂ ಇಲ್ಲ. ಕನ್ನಡ ಟೈಪಿಂಗ್ ಇರುವ ಯಾವುದಾದರೂ ಪರೀಕ್ಷೆಗೆ ಕೂರುವವರು ಮಾತ್ರ ಅಲ್ಲಿ ಯಾವ ತಂತ್ರಾಂಶ, ಯಾವ ಕೀಲಿಮಣೆ ಕೊಡುತ್ತಾರೆಂದು ಮೊದಲೇ ಕೇಳಿಕೊಂಡು ಅದನ್ನೇ ಕಲಿಯಬೇಕು.

ಹಾಕುವ ಬಗೆ, ಕೈಕೊಡುವ ಜಾಗಗಳು

ವಿಂಡೋಸ್ 11ರಲ್ಲಿ ವಿಂಡೋಸ್ ಕೀಲಿಯ ಜೊತೆ ಐ ಒತ್ತಿ, ‘ಟೈಮ್ & ಲ್ಯಾಂಗ್ವೇಜ್’, ಆಮೇಲೆ ‘ಲ್ಯಾಂಗ್ವೇಜ್ & ರೀಜನ್’ಗೆ ಹೋಗಿ. ‘ಆ್ಯಡ್ ಎ ಲ್ಯಾಂಗ್ವೇಜ್’ನಲ್ಲಿ ಕನ್ನಡ ಆರಿಸಿ. ವಿಂಡೋಸ್‌ನ ಮೆನುಗಳೇ ಕನ್ನಡವಾಗುವುದು ಬೇಡವಾದರೆ ಡಿಸ್‌ಪ್ಲೇ ಭಾಷೆಯ ಗುರುತು ತೆಗೆದು ಇನ್‌ಸ್ಟಾಲ್ ಒತ್ತಿ. ಇಷ್ಟಕ್ಕೇ ನಿಲ್ಲಿಸಿದವರು ಮುಂದಿನ ನಿಮಿಷದಲ್ಲಿ ಬೆಪ್ಪಾಗುತ್ತಾರೆ: ಕೆ ಒತ್ತಿದರೆ ಕ ಬಂತು, ಎ ಒತ್ತಿದರೆ ಓತ್ವದ ಚಿಹ್ನೆ ಬಂತು! ಕಂಪ್ಯೂಟರ್ ಕೆಟ್ಟಿಲ್ಲ. ಕನ್ನಡ ಸೇರಿಸಿದಾಗ ತಾನಾಗಿ ಬರುವುದು ಇನ್‌ಸ್ಕ್ರಿಪ್ಟ್. ಫೊನೆಟಿಕ್ ಬೇಕಿದ್ದರೆ ಪಟ್ಟಿಯಲ್ಲಿ ಕನ್ನಡದ ಮುಂದಿನ ಮೂರು ಚುಕ್ಕಿ ಒತ್ತಿ, ‘ಲ್ಯಾಂಗ್ವೇಜ್ ಆಪ್ಷನ್ಸ್’ಗೆ ಹೋಗಿ, ‘ಆ್ಯಡ್ ಎ ಕೀಬೋರ್ಡ್’ನಲ್ಲಿ ಕನ್ನಡ ಫೊನೆಟಿಕ್ ಸೇರಿಸಿ, ಬೇಡದ್ದನ್ನು ಅಲ್ಲೇ ತೆಗೆಯಿರಿ. ತೆಗೆಯದಿದ್ದರೆ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಿ ಭಾಷೆ ಬದಲಿಸುವಾಗೆಲ್ಲ ಮೂರು ಕೀಲಿಮಣೆಗಳ ನಡುವೆ ಸುತ್ತಬೇಕಾಗುತ್ತದೆ.

ಇನ್‌ಸ್ಕ್ರಿಪ್ಟ್ ಕಲಿಯುವವರು ಕೀಲಿಗಳ ಮೇಲೆ ಸ್ಟಿಕ್ಕರ್ ಅಂಟಿಸಬೇಡಿ, ಕಣ್ಣು ಕೆಳಗೇ ಅಂಟಿಕೊಳ್ಳುತ್ತದೆ. ವಿಂಡೋಸ್ ಕೀಲಿ, ಕಂಟ್ರೋಲ್, ಓ ಒಟ್ಟಿಗೆ ಒತ್ತಿದರೆ ತೆರೆಯ ಮೇಲೇ ಕೀಲಿಮಣೆ ತೆರೆದು ಕನ್ನಡದ ಜಾಗಗಳನ್ನು ತೋರಿಸುತ್ತದೆ. ಶಿಫ್ಟ್ ಹಿಡಿದರೆ ಎರಡನೆಯ ಪದರವೂ ಕಾಣುತ್ತದೆ. ಟೈಪಿಸುವಾಗ ಚುಕ್ಕಿಗಳ ವೃತ್ತವೊಂದು ಮೂಡಿದರೆ, ವ್ಯಂಜನವಿಲ್ಲದೆ ಬರೀ ಸ್ವರಚಿಹ್ನೆ ಒತ್ತಿದ್ದೀರಿ ಎಂದರ್ಥ.

ನುಡಿಯಲ್ಲಿ ಗಮನಿಸಬೇಕಾದ್ದು ಎರಡು. ಅದು ಆಸ್ಕಿ, ಯೂನಿಕೋಡ್ ಎರಡನ್ನೂ ಬಲ್ಲದು. ಸ್ಥಿತಿ ಯೂನಿಕೋಡ್ ಇದ್ದು ಫಾಂಟ್ ಹಳೆಯದಾಗಿದ್ದರೆ, ಇಲ್ಲವೇ ಅದಲುಬದಲಾದರೆ, ತೆರೆಯ ಮೇಲೆ ಬೇಡದ್ದು ಮೂಡುತ್ತದೆ. ಟೈಪಿಸಿದ ಒಂದು ಪದವನ್ನು ನಕಲು ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಅಲ್ಲಿಯೂ ಕನ್ನಡವೇ ಕಂಡರೆ ಯೂನಿಕೋಡ್, ಗೋಜಲು ಕಂಡರೆ ಆಸ್ಕಿ. ಈ ಪರೀಕ್ಷೆ ಯಾವ ತಂತ್ರಾಂಶಕ್ಕೂ ಆಗುತ್ತದೆ. ಎರಡನೆಯದು, ನುಡಿಯ ಹಳೆಯ ಆವೃತ್ತಿಗಳಲ್ಲಿ ಕನ್ನಡ–ಇಂಗ್ಲಿಷ್ ಬದಲಿಸುವುದು ಸ್ಕ್ರಾಲ್ ಲಾಕ್ ಕೀಲಿಯಿಂದ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಆ ಕೀಲಿಯೇ ಇಲ್ಲ. ಮೇಲೆ ಹೇಳಿದ ತೆರೆಯ ಕೀಲಿಮಣೆಯಲ್ಲಿ ಅದು ಸಿಗುತ್ತದೆ.

ಲಿನಕ್ಸ್ ಬಳಸುವವರಿಗೆ ಈ ವಿಷಯದಲ್ಲಿ ಸುಖ ಹೆಚ್ಚು. ಉಬುಂಟುವಿನಲ್ಲಿ ‘ಐಬಸ್-ಎಂ17ಎನ್’ ಪ್ಯಾಕೇಜ್ ಹಾಕಿ, ಒಮ್ಮೆ ಲಾಗ್‌ಔಟ್ ಆಗಿ ಬಂದರೆ ಸೆಟ್ಟಿಂಗ್ಸ್‌ನ ಕೀಬೋರ್ಡ್ ಪುಟದಲ್ಲಿ ಕನ್ನಡಕ್ಕೆ ಕೆಜಿಪಿ, ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಆಯ್ಕೆಗಳು ಕಾಣುತ್ತವೆ. ಕೆಜಿಪಿ ಅಂದರೆ ನುಡಿ ಕೀಲಿಮಣೆಯೇ, ಐಟ್ರಾನ್ಸ್ ಅಂದರೆ ಲಿಪ್ಯಂತರ. ಲಾಗ್‌ಔಟ್ ಮಾಡದೆ ಹುಡುಕಿದರೆ ಸಿಗುವುದಿಲ್ಲ, ಬಹಳ ಜನ ಎಡವುವುದು ಇಲ್ಲೇ. ಮ್ಯಾಕ್‌ನಲ್ಲಿ ಕನ್ನಡ ಮತ್ತು ಕನ್ನಡ ಕ್ವರ್ಟಿ ಎಂಬ ಎರಡು ಕೀಲಿಮಣೆ ಒಳಗೇ ಇವೆ.

ಫಾಂಟ್ ಬದಲಾಯಿಸಿದರೂ ಬದಲಾಗದು ಏಕೆ?

ವರ್ಡ್‌ನಲ್ಲಿ ಕನ್ನಡ ಪದ ಆಯ್ದು ಏರಿಯಲ್ ಎಂದೋ ಟೈಮ್ಸ್ ಎಂದೋ ಹಾಕಿದರೆ ಏನೂ ಆಗುವುದಿಲ್ಲ. ಆ ಫಾಂಟುಗಳಲ್ಲಿ ಕನ್ನಡ ಅಕ್ಷರಗಳೇ ಇಲ್ಲ, ಆದ್ದರಿಂದ ವಿಂಡೋಸ್ ತನ್ನ ನಿರ್ಮಲಾ ಯುಐ ಅಥವಾ ತುಂಗಾದಿಂದ ಕೊಟ್ಟು ಕೆಲಸ ಸಾಗಿಸುತ್ತದೆ. ಕಂಟ್ರೋಲ್ ಡಿ ಒತ್ತಿದರೆ ತೆರೆಯುವ ಫಾಂಟ್ ಪೆಟ್ಟಿಗೆಯಲ್ಲಿ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ ಎಂಬ ಬೇರೆ ಭಾಗವಿದೆ. ಕನ್ನಡದ ಫಾಂಟ್, ಗಾತ್ರ ಅಲ್ಲಿ ನಿರ್ಧಾರವಾಗುತ್ತದೆ. ಲಿಬ್ರೆಆಫೀಸ್‌ನಲ್ಲಿ ಇದೇ ಸಂಗತಿಗೆ ಟೂಲ್ಸ್, ಆಪ್ಷನ್ಸ್, ಭಾಷೆಯ ಸೆಟ್ಟಿಂಗ್ ತೆರೆದು ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಗುರುತು ಹಾಕಿ ಕನ್ನಡ ಆರಿಸಬೇಕು. ಆಮೇಲೆ ಫಾರ್ಮ್ಯಾಟ್, ಕ್ಯಾರೆಕ್ಟರ್ ಪೆಟ್ಟಿಗೆಯಲ್ಲಿ ಕನ್ನಡದ ಫಾಂಟ್ ಬೇರೆಯಾಗಿ ಕಾಣುತ್ತದೆ.

ಉಚಿತ ಯೂನಿಕೋಡ್ ಫಾಂಟುಗಳಿಗೆ ಈಗ ಬರವಿಲ್ಲ. ಗೂಗಲ್ ಫಾಂಟ್ಸ್ ತಾಣದಲ್ಲಿ ಕನ್ನಡ ಎಂದು ಸೋಸಿದರೆ ನೋಟೋ ಸಾನ್ಸ್, ನೋಟೋ ಸೆರಿಫ್, ಟೀರೋ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ಬೆಣ್ಣೆ, ಹುಬ್ಬಳ್ಳಿ ಮುಂತಾದವು ಸಿಗುತ್ತವೆ. ಪುಸ್ತಕದ ಒಳಪುಟಕ್ಕೆ ನೋಟೋ ಸೆರಿಫ್ ಅಥವಾ ಟೀರೋ, ಫಲಕಕ್ಕೆ ಬಾಲೂ ತಮ್ಮ ಹೊಂದುತ್ತವೆ. ಒತ್ತಕ್ಷರಗಳಿಗೆ ಕೆಳಗೆ ಜಾಗ ಬೇಕಾದ್ದರಿಂದ ಸಾಲುಗಳ ಅಂತರವನ್ನು ಇಂಗ್ಲಿಷಿಗಿಂತ ಕೊಂಚ ಹೆಚ್ಚಿಡಿ. ‘ಎಕ್ಸಾಕ್ಟ್ಲಿ’ ಅಂತರ ಕೊಟ್ಟರೆ ‘ಸ್ತ್ರೀ’ಯ ಬುಡ ಕತ್ತರಿಸಿಹೋಗುತ್ತದೆ. ಕಡತವನ್ನು ಬೇರೆಯವರಿಗೆ ಕಳಿಸುವಾಗ ಪಿಡಿಎಫ್ ಮಾಡಿ. ತಿದ್ದಬೇಕಾದ ಕಡತವಾದರೆ ವರ್ಡ್‌ನ ಫೈಲ್, ಆಪ್ಷನ್ಸ್, ಸೇವ್ ಪುಟದಲ್ಲಿ ಫಾಂಟನ್ನು ಕಡತದೊಳಗೇ ಸೇರಿಸುವ ಗುರುತು ಹಾಕಬಹುದು.

ಮೂರು ಸಣ್ಣ ಗುಟ್ಟು. ಕನ್ನಡ ಅಂಕಿಯ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ, ಒಳಗಿನ ಸಂಖ್ಯೆ ಬೇರೆ. ‘ಬೆಂಗಳೂರು’ ಬರೆಯುವಾಗ ಅಂಕಿ ಸೊನ್ನೆ ಒತ್ತಿದರೆ ಕಣ್ಣಿಗೆ ಸರಿ, ಹುಡುಕಾಟದಲ್ಲಿ ಮಾತ್ರ ಆ ಊರು ಎಂದೂ ಸಿಗುವುದಿಲ್ಲ. ‘ರಾಜ್‌ಕುಮಾರ್’ ಬರೆದರೆ ಜಕಾರದ ಕೆಳಗೆ ಕ ಒತ್ತಾಗಿ ಕೂರುತ್ತದೆ. ಬಿಡಿಸಲು ನಡುವೆ ಕಾಣದ ಅಕ್ಷರವೊಂದು ಬೇಕು. ಬರಹದಲ್ಲಿ ಅದಕ್ಕೆ ಶಿಫ್ಟ್ 6. ಯಾವ ಕೀಲಿಮಣೆ ಇದ್ದರೂ ವರ್ಡ್ ಮತ್ತು ಲಿಬ್ರೆಆಫೀಸ್‌ನಲ್ಲಿ ‘ರಾಜ್’ ಆದ ಮೇಲೆ ಇಂಗ್ಲಿಷಿಗೆ ಬದಲಿಸಿ 2, 0, 0, ಸಿ ಬರೆದು ಆಲ್ಟ್ ಎಕ್ಸ್ ಒತ್ತಿ, ಕನ್ನಡಕ್ಕೆ ಮರಳಿ ‘ಕುಮಾರ್’ ಬರೆಯಿರಿ. ‘ರ‍್ಯಾಂಕ್’ ಎಂದು ಅರ್ಕಾವೊತ್ತಿಲ್ಲದೆ ಬೇಕಿದ್ದರೆ ರ ಬರೆದು, 2, 0, 0, ಡಿ, ಆಲ್ಟ್ ಎಕ್ಸ್, ಆಮೇಲೆ ಒತ್ತು ಮತ್ತು ಯ.

ಕಲಿಯಲು ಉಚಿತ ಜಾಗಗಳು

ಏನನ್ನೂ ಹಾಕದೆ ಕೀಲಿಮಣೆಗಳ ರುಚಿ ನೋಡಲು ಕನ್ನಡ ವಿಕಿಪೀಡಿಯವೇ ಸರಿಯಾದ ಜಾಗ. ಅದರ ಹುಡುಕು ಪೆಟ್ಟಿಗೆಯಲ್ಲಿ ಕ್ಲಿಕ್ ಮಾಡಿದರೆ ಮೂಲೆಯಲ್ಲಿ ಪುಟ್ಟ ಕೀಲಿಮಣೆಯ ಚಿತ್ರ ಬರುತ್ತದೆ. ಲಿಪ್ಯಂತರ, ಇನ್‌ಸ್ಕ್ರಿಪ್ಟ್, ಕೆ.ಪಿ. ರಾವ್ ವಿನ್ಯಾಸ ಎಲ್ಲವೂ ಅಲ್ಲಿವೆ. ಕಂಟ್ರೋಲ್ ಎಂ ಒತ್ತಿದರೆ ಕನ್ನಡ–ಇಂಗ್ಲಿಷ್ ಅದಲುಬದಲು. ನಾಲ್ಕು ದಿನ ಇಲ್ಲಿ ಆಡಿ ನೋಡಿ ಆಮೇಲೆ ತೀರ್ಮಾನಿಸಿ.

ಮುಂಬಯಿ ಐಐಟಿಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯಲ್ಲಿ ಲಿಬ್ರೆಆಫೀಸ್ ರೈಟರ್, ಕ್ಯಾಲ್ಕ್ ಮುಂತಾದವುಗಳ ಪಾಠಗಳು ಕನ್ನಡ ದನಿಯಲ್ಲಿವೆ. ಒಂದೊಂದೂ ಚಿಕ್ಕ ವಿಡಿಯೊ, ನೋಡುತ್ತಾ ಪಕ್ಕದ ಕಿಟಕಿಯಲ್ಲಿ ಮಾಡಿ ಕಲಿಯುವ ಕ್ರಮ. ತೆರೆಯ ಮೇಲಿನ ಆವೃತ್ತಿ ಹಳೆಯದಾಗಿದ್ದರೂ ಮೆನುವಿನ ದಾರಿ ಬಹುಪಾಲು ಅದೇ.

ನುಡಿ ಕೀಲಿಮಣೆ ಕಲಿಯುವವರು ಅಕ್ಷರಮಾಲೆಯ ಕ್ರಮದಲ್ಲಿ ಹೋಗಬೇಡಿ, ಙ ಮತ್ತು ಞ ಯಾರಿಗೆ ಅಷ್ಟು ಬೇಗ ಬೇಕು? ಮೊದಲು ಮನ, ಮನೆ, ನಗು, ಮಗು, ಕಸಿ, ಹಸು, ಬಸವನದಂಥ ಶಿಫ್ಟ್ ಇಲ್ಲದ ಪದಗಳು. ಆಮೇಲೆ ಎಫ್ ಸೇರಿಸಿ ಅಮ್ಮ, ಅಪ್ಪ, ಅಕ್ಕ, ಹಕ್ಕಿ, ಬೆಲ್ಲ. ಆಮೇಲೆ ಶಿಫ್ಟ್: ಅಣ್ಣ, ಹಳ್ಳಿ, ಶಾಲೆ. ಕೊನೆಗೆ ಟ, ಡ, ಷ. ದಿನಕ್ಕೆ ಇಪ್ಪತ್ತು ನಿಮಿಷ, ಪತ್ರಿಕೆಯ ಒಂದು ಸುದ್ದಿಯನ್ನು ಕೆಳಗೆ ನೋಡದೆ ಟೈಪಿಸಿ. ತಪ್ಪಾದಾಗ ಬ್ಯಾಕ್‌ಸ್ಪೇಸ್ ಒತ್ತಿದರೆ ಅಕ್ಷರದ ಒಂದೊಂದೇ ಅಂಗ ಅಳಿಸುತ್ತದೆ, ಡಿಲೀಟ್ ಒತ್ತಿದರೆ ಮುಂದಿನ ಇಡೀ ಅಕ್ಷರ. ‘ಕ್ಷೇ’ಯನ್ನು ‘ಕ್ಷ’ ಮಾಡಲು ಪೂರ್ತಿ ಅಳಿಸಬೇಕಿಲ್ಲ, ಒಂದು ಬ್ಯಾಕ್‌ಸ್ಪೇಸ್ ಸಾಕು.

ಹಳೆಯ ಆಸ್ಕಿ ಕಡತಗಳನ್ನು ಏನು ಮಾಡುವುದು

ಪರಿವರ್ತಕಗಳು ನುಡಿಯ ಜೊತೆಗೂ ಬರುತ್ತವೆ, ಅಂತರ್ಜಾಲದಲ್ಲೂ ಉಚಿತವಾಗಿ ಇವೆ. ಗುಟ್ಟಿನ ಕಡತಗಳನ್ನು ಅಂತರ್ಜಾಲದ ಪರಿವರ್ತಕಕ್ಕೆ ಹಾಕಬೇಡಿ. ಮೂಲ ಕಡತದ ಫಾಂಟ್ ಯಾವುದೆಂದು ಮೊದಲು ನೋಡಿ, ನುಡಿ–ಬರಹಕ್ಕೆಂದು ಮಾಡಿದ ಪರಿವರ್ತಕಕ್ಕೆ ಶ್ರೀಲಿಪಿಯನ್ನು ಕೊಟ್ಟರೆ ಬರುವುದು ಕಸ. ನಡುನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡವೆಂದು ಭಾವಿಸಿ ಪರಿವರ್ತಕ ಅವನ್ನು ಕೆಡಿಸುತ್ತದೆ. ಮಿಂಚಂಚೆ ವಿಳಾಸ, ವಾಹನ ಸಂಖ್ಯೆಗಳನ್ನು ಮುಗಿದ ಮೇಲೆ ಒಂದೊಂದಾಗಿ ನೋಡಿ. ಅರ್ಕಾವೊತ್ತು ಇರುವ ಪದಗಳನ್ನೂ ಹಾಗೆಯೇ: ವರ್ಷ, ಸೂರ್ಯ, ಕಾರ್ಯ ಎಂದು ಹುಡುಕಿ ನೋಡಿದರೆ ಪರಿವರ್ತನೆಯ ಗುಣ ತಿಳಿಯುತ್ತದೆ. ಕೋಷ್ಟಕಗಳ ಚೌಕಟ್ಟು ಹಾಳಾಗುವುದರಿಂದ ಅವನ್ನು ಕೋಶವಾರು ಅಂಟಿಸುವುದೇ ವಾಸಿ.

ಯಾವ ಪರಿವರ್ತಕಕ್ಕೂ ಬಗ್ಗದ ಕಡತಕ್ಕೆ, ಅಥವಾ ನಕಲು ಮಾಡಿದರೆ ಅಕ್ಷರ ಹಿಂದುಮುಂದಾಗುವ ಕನ್ನಡ ಪಿಡಿಎಫ್‌ಗೆ, ಅಡ್ಡದಾರಿ ಒಂದಿದೆ: ಪುಟಗಳನ್ನು ಚಿತ್ರವಾಗಿ ಉಳಿಸಿ ಗೂಗಲ್ ಡ್ರೈವ್‌ಗೆ ಏರಿಸಿ, ಬಲಗುಂಡಿ ಒತ್ತಿ ‘ಓಪನ್ ವಿತ್’ನಲ್ಲಿ ಗೂಗಲ್ ಡಾಕ್ಸ್ ಆರಿಸಿ. ಚಿತ್ರದ ಕೆಳಗೆ ಯೂನಿಕೋಡ್ ಪಠ್ಯ ಬರುತ್ತದೆ. ಒಂದೊಂದು ಚಿತ್ರ 2 ಎಂಬಿ ಒಳಗಿರಲಿ, ಸಾಲುಗಳು ಓರೆಯಾಗಿರದಿರಲಿ. ಎರಡು ಕಾಲಂ ಇರುವ ಪುಟವನ್ನು ಮೊದಲೇ ಎರಡಾಗಿ ಕತ್ತರಿಸಿ ಕೊಡಿ, ಇಲ್ಲವಾದರೆ ಎಡಗಡೆಯ ಸಾಲಿಗೆ ಬಲಗಡೆಯ ಸಾಲು ಅಂಟಿಕೊಂಡು ಬರಬಹುದು. ಮೂಲ ಆಸ್ಕಿ ಕಡತವನ್ನೂ ಅದರ ಫಾಂಟನ್ನೂ ಒಂದೇ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ಮುಂದೆ ಅನುಮಾನ ಬಂದ ಪದವನ್ನು ತಾಳೆ ನೋಡಲು ಅವೆರಡೂ ಜೊತೆಗೇ ಬೇಕಾಗುತ್ತವೆ.